ಹತ್ತರವರೆಗೆ ಬರುವ ಜಪಾನೀಸ್

ಎರಡು ವರ್ಷದ ಹಿಂದೆ, ಸ್ವೀಡನ್ನಿನ ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿರುವ ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ, ಹದಿನಾಲ್ಕು ಜನರ ಎದುರು ನಾನು ಜಪಾನೀಸ್‌ನಲ್ಲಿ ಸಂಭಾಷಣೆ ನಡೆಸಿದೆ.

ಜಪಾನಿನಿಂದ ಎರಡು ವರ್ಷದ ಮಟ್ಟಿಗೆ ನಮ್ಮ ಟೀಮಿಗೆ ಬಂದಿದ್ದ ಮಿಚಿಕೊಗೆ ಅಂದು ಮೊದಲ ದಿನ. ನಮ್ಮ ಬಾಸ್ ಲಾರ್ಸ್ (ಇಲ್ಲಿ ಬಾಸ್‌ಗೂ ಏಕವಚನವೇ, ನನ್ನನ್ನು ಬೈಯಬೇಡಿ) ನನ್ನ ಕಡೆ ತಿರುಗಿ, "ನಿಂಗೆ ಜಪಾನೀಸ್ ಬರತ್ತಲ್ವಾ, ಅವಳ ಭಾಷೇಲೇ ವೆಲ್ಕಮ್ ಮಾಡು" ಅಂದ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ಕನ್ನಡಕ್ಕೆ ತಂದವಳು ನಾನು. (ಈ ಅನುವಾದವನ್ನು ನಂಬಬಹುದು.)

ನಾನು ಎದ್ದೆ. ಸೊಂಟ ಬಗ್ಗಿಸಿ ವಂದಿಸಿದೆ. ಬಹಳ ಗಂಭೀರವಾಗಿ, ಕೊನೆಯಲ್ಲಿ ಪ್ರಶ್ನೆಯ ರಾಗ ಎಳೆದು, "ಇಚಿ, ನಿ, ಸಾನ್, ಶೀ?" ಎಂದೆ.

ಅಂದರೆ, ಒಂದು, ಎರಡು, ಮೂರು, ನಾಲ್ಕು?

ಮಿಚಿಕೊ ನನ್ನನ್ನೇ ನೋಡಿದಳು. ಆಮೇಲೆ ನನಗಿಂತ ಒಂದಿಂಚು ಹೆಚ್ಚೇ ಬಗ್ಗಿ, ಅಷ್ಟೇ ಗಂಭೀರವಾಗಿ, "ಗೋ, ರೊಕು, ಶಿಚಿ, ಹಾಚಿ" ಎಂದಳು.

ಐದು, ಆರು, ಏಳು, ಎಂಟು.

ರೂಮಿನ ತುಂಬ ಚಪ್ಪಾಳೆ. "ಎಷ್ಟು ಚೆನ್ನಾಗಿ ಮಾತಾಡ್ಕೊಂಡ್ರಿ" ಎಂದು ಲಾರ್ಸ್ ಭಾವುಕನಾದ.

ನನಗೆ ಜಪಾನೀಸ್ ಎಲ್ಲಿಂದ ಬಂತು ಅಂತೀರಾ? ವಿಜಯನಗರದ ಕಲ್ಯಾಣಮಂಟಪವೊಂದರ ಟೆರೇಸಿನಿಂದ. ಹತ್ತನೇ ವಯಸ್ಸಿನಲ್ಲಿ ಭಾನುವಾರ ಬೆಳಿಗ್ಗೆ ಅಲ್ಲಿ ಕರಾಟೆ ಕ್ಲಾಸು. ಕೆಳಗೆ ಅಡುಗೆಯವರು ಒಗ್ಗರಣೆ ಹಾಕುತ್ತಿದ್ದರು, ಮೇಲೆ ನಾವು ಎಣಿಸಿಕೊಂಡು ಗಾಳಿಗೆ ಗುದ್ದುತ್ತಿದ್ದೆವು. ಹಳದಿ ಬೆಲ್ಟಿಗೇ ನಿಲ್ಲಿಸಿದೆ. ಉಳಿದದ್ದು ಒಂದರಿಂದ ಹತ್ತು.

ಅದನ್ನು ಹೇಳಿಕೊಳ್ಳುವ ದರ್ದು ಏನಿತ್ತು? ಫೀಕಾ ಹೊತ್ತಿನಲ್ಲಿ, ಅಂದರೆ ಇಲ್ಲಿನವರು ಕಾಫಿ-ಬನ್ನಿಗೆ ಕೂತು ಊರ ಮಾತಾಡುವ ಹೊತ್ತಿನಲ್ಲಿ, ನಿನಗೆ ಎಷ್ಟು ಭಾಷೆ ಬರುತ್ತದೆ ಎಂದು ಯಾರೋ ಕೇಳಿದರು. ಕನ್ನಡ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಅಂದೆ. ಅವರ ಕಣ್ಣು ಅಗಲವಾಯಿತು. ಆ ಕಣ್ಣು ನೋಡಿ ನನ್ನ ಬಾಯಿ ನಿಲ್ಲಲಿಲ್ಲ. "ಮತ್ತೆ ಜಪಾನೀಸ್" ಅಂದುಬಿಟ್ಟೆ. ಎದುರು ಕೂತಿದ್ದ ಅನ್ನಿಕಾ, ನಮ್ಮ ಟೀಮಿನ ಟೆಸ್ಟರ್, ದಿನಕ್ಕೆ ಎಂಟು ವಾಕ್ಯ ಆಡಿದರೆ ಹೆಚ್ಚು, ಮಾತಿಲ್ಲದೆ ಬನ್ನು ಮುರಿದು ಬಾಯಿಗೆ ಹಾಕಿಕೊಂಡಳು.

ಚಪ್ಪಾಳೆಯ ಮರುದಿನದಿಂದ ನನಗೆ ನಿದ್ದೆ ಕೆಟ್ಟಿತು. ಮಿಚಿಕೊ ಬಾಯಿ ಬಿಟ್ಟರೆ ನನ್ನ ಕಥೆ ಮುಗಿಯಿತು. ಹಾಗಾಗಿ ಅವಳನ್ನು ಒಂಟಿಯಾಗಿ ಬಿಡಲೇ ಇಲ್ಲ. ಬೆಳಿಗ್ಗೆ ನದಿ ದಾಟುವ ಫೆರಿಯಲ್ಲಿ ಪಕ್ಕದ ಸೀಟು ನನ್ನದು. ಪ್ರತಿ ಫೀಕಾಗೂ ಅವಳ ಟೇಬಲ್ಲಿಗೇ ಹೋಗಿ ಕೂರುತ್ತಿದ್ದೆ. ಅವಳ ಪರ್ಸನ್‌ನುಮ್ಮರ್ ಬರುವವರೆಗೆ (ಆ ನಂಬರ್ ಇಲ್ಲದಿದ್ದರೆ ಈ ದೇಶದಲ್ಲಿ ನೀವು ಹುಟ್ಟೇ ಇಲ್ಲ) ಮೂರು ಸಲ ಜೊತೆಗೆ ಕ್ಯೂ ನಿಂತೆ. ಅವಳ ಅನ್ನದ ಡಬ್ಬಿಗೆ ಚಟ್ನಿಪುಡಿ ಹಾಕಿದೆ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ, ಅಮ್ಮ ಕಳಿಸುವ ಪಾರ್ಸೆಲಿನಲ್ಲಿ ಒಂದು ಪೊಟ್ಟಣ ಅವಳ ಹೆಸರಿಗೇ ಬರತೊಡಗಿತು.

ಮಾತು ಇಂಗ್ಲಿಷಿನಲ್ಲೇ. ಆ ಮೊದಲ ದಿನದ ಸುದ್ದಿಯನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. "ಇವಳು ಜಪಾನೀಸಲ್ಲಿ ಎಕ್ಸ್‌ಪ್ಲೇನ್ ಮಾಡಿದ್ಳಾ?" ಎಂದು ಲಾರ್ಸ್ ಕೇಳಿದಾಗೆಲ್ಲ ಮಿಚಿಕೊ, "ತುಂಬ ಕ್ಲಿಯರ್ ಆಗಿ" ಅನ್ನುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ.

ಈ ಫೆಬ್ರವರಿಯಲ್ಲಿ ಅವಳು ಹೊರಡುವ ದಿನ ಬಂತು. ಬೀಳ್ಕೊಡುಗೆಗೆ ಕರಿಯೋಕೆ, ಅಂದರೆ ಸ್ಕ್ರೀನಿನ ಮೇಲಿನ ಸಾಲು ಓದುತ್ತ ಮೈಕಿನಲ್ಲಿ ಹಾಡುವ ಕಾರ್ಯಕ್ರಮ, ಶುಕ್ರವಾರ ಸಂಜೆ ನಾಲ್ಕಕ್ಕೆ, ಎಂದು ಲಾರ್ಸ್ ಸಾರಿದ. ಜಪಾನಿನವರಿಗೆ ಕರಿಯೋಕೆ ಅಂದರೆ ಪ್ರಾಣವಂತೆ. (ಇಂಡಿಯಾದವರಿಗೆ ಯೋಗ ಇದ್ದಂತೆ. ನಾನು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗುವುದೇ ನನ್ನ ಯೋಗ.) "ಹಾಡುಗಳ ಲಿಸ್ಟ್ ನೀನೇ ಮಾಡು, ಜಪಾನೀಸ್ ಹಾಡೇ ಇರ್ಲಿ" ಎಂದ.

ಕರಿಯೋಕೆ ಜಾಗದವರ ಪಟ್ಟಿ ತೆರೆದೆ. ಸಾವಿರಾರು ಜಪಾನೀಸ್ ಹಾಡು, ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ. ನನಗೆ ಬರುವ ಪದ ಹತ್ತು. ಏನು ಮಾಡಲಿ? ಆ ಹತ್ತರಲ್ಲಿ ಒಂದಾದರೂ ಇರುವ ಹಾಡು ಹುಡುಕಿದೆ. ಹದಿನೇಳು ಆರಿಸಿಕೊಂಡೆ. "ಮಿಚಿಕೊ ಇಡೀ ದಿನ ಅಂಕಿ-ಸಂಖ್ಯೆ ಜೊತೆ ಕೆಲಸ ಮಾಡೋಳು, ಅದಕ್ಕೇ ಹೆಸರಲ್ಲಿ ಸಂಖ್ಯೆ ಇರೋ ಹಾಡೇ ಆರಿಸಿದೀನಿ. ಥೀಮ್" ಎಂದು ಲಾರ್ಸ್‌ಗೆ ಕಳಿಸಿದೆ. "ಎಷ್ಟು ಯೋಚನೆ ಮಾಡಿದೀಯ" ಎಂದು ಉತ್ತರ ಬರೆದ.

ಶುಕ್ರವಾರ ಲಾರ್ಸ್ ಟೈ ಕಟ್ಟಿಕೊಂಡು ಬಂದಿದ್ದ. ಮೊದಲ ಹಾಡು ಅವನದೇ. ಸ್ಕ್ರೀನಿನ ಮೇಲೆ ಕೈಕಾಲು ಬಂದ ಸೇಬುಹಣ್ಣುಗಳು ಕುಣಿಯತೊಡಗಿದವು. ಆರಡಿ ನಾಲ್ಕಿಂಚಿನ ಲಾರ್ಸ್ ಎದೆಯ ಮೇಲೆ ಕೈಯಿಟ್ಟು, ಅಕ್ಷರ ಕೂಡಿಸಿ ಓದುತ್ತ, ಜಪಾನಿನ ಬಾಲವಾಡಿ ಮಕ್ಕಳ ಹಾಡನ್ನು ಹಾಡಿದ.

ಮಿಚಿಕೊ ನನ್ನ ಪಕ್ಕ ಬಂದು ಕೂತಳು. ಕೈಯಲ್ಲಿ ನನ್ನ ಪಟ್ಟಿ.

ಲಾರ್ಸ್ ಹಾಡುತ್ತಿದ್ದ ಹಾಡಿನ ಹೆಸರಿಗೆ ಬೆರಳಿಟ್ಟು, "ಇದ್ರಲ್ಲಿ ನಂಬರ್ ಎಲ್ಲಿದೆ?" ಎಂದಳು.

"ರಿಂಗೋ. ಕೊನೇಲಿ ಗೋ ಇದೆಯಲ್ಲ. ಐದು."

"ರಿಂಗೋ ಅಂದ್ರೆ ಸೇಬು."

ಮುಂದಿನದಕ್ಕೆ ಬೆರಳಿಟ್ಟಳು. 'ವಾತಾಶಿ' ಎಂದಿತ್ತು. ಶೀ ಅಂದರೆ ನಾಲ್ಕು; ನಾಲ್ಕು ಬಗೆಯ ವಾತ ಇರಬೇಕು ಎಂದುಕೊಂಡಿದ್ದೆ. ವಾತಾಶಿ ಅಂದರೆ 'ನಾನು' ಅಂತೆ. 'ಓಕಾಸಾನ್' ಅಂದರೆ ಮೂರು ಏನೋ ಅಲ್ಲ, ಅಮ್ಮ. ಇನ್ನು 'ನಿ' ಇರುವ ಐದು ಹಾಡು. ಎರಡು ಎಂದು ಗಂಟು ಹಾಕಿದ್ದೆ. ಅದು ನಮ್ಮ 'ಗೆ, ಕ್ಕೆ' ಇದ್ದ ಹಾಗಂತೆ. ಹೈಸ್ಕೂಲಿನಲ್ಲಿ ಚತುರ್ಥಿ ವಿಭಕ್ತಿಗೆ ಒದೆ ತಿಂದವಳು ನಾನು, ಅದು ಗೋಥೆನ್‌ಬರ್ಗಿಗೂ ಹುಡುಕಿಕೊಂಡು ಬರಬೇಕೇ?

ಹದಿನೇಳರಲ್ಲಿ ನಿಜವಾದ ಸಂಖ್ಯೆ ಇದ್ದದ್ದು ನಾಲ್ಕರಲ್ಲಿ.

"ಮಿಚಿಕೊ, ನಂಗೆ ಜಪಾನೀಸ್ ಬರಲ್ಲ" ಎಂದೆ. ಎರಡು ವರ್ಷ ಗಂಟಲಲ್ಲಿದ್ದ ಮಾತು.

"ಗೊತ್ತು" ಎಂದಳು. "ನಂಗೆ ಹಾಡೋಕೆ ಬರಲ್ಲ. ಅದನ್ನ ಲಾರ್ಸ್‌ಗೆ ಹೇಳೋಕೆ ಆಗ್ಲಿಲ್ಲ."

ಅಷ್ಟರಲ್ಲಿ ಲಾರ್ಸ್ ಮೈಕ್ ಹಿಡಿದು, "ಮಿಚಿಕೊ ನಾಲ್ಕು ಮಾತು ಆಡ್ತಾಳೆ. ಅವಳ ಭಾಷೇಲೇ ಮಾತಾಡ್ಲಿ, ಅನುವಾದಕ್ಕೆ ನಮ್ಮಲ್ಲಿ ಜನ ಇದಾರೆ" ಎಂದು ನನ್ನತ್ತ ಕೈ ತೋರಿಸಿದ. ಬೇಡ ಅನ್ನು ಎಂದು ಕಣ್ಣಲ್ಲೇ ಬೇಡಿದೆ. ಮಿಚಿಕೊ ಎದ್ದು ಹೋಗಿ ಮೈಕ್ ತೆಗೆದುಕೊಂಡಳು.

ಪೂರ್ತಿ ನಾಲ್ಕು ನಿಮಿಷ ಮಾತಾಡಿದಳು. ನನಗೆ ಅರ್ಥವಾದದ್ದು ಎರಡೇ ಪದ. ಒಂದು ಫೀಕಾ. ಇನ್ನೊಂದು ಚಟ್ನಿಪುಡಿ.

ಮೈಕ್ ನನ್ನ ಕೈಗೆ ಬಂತು. "ಸ್ವೀಡನ್ನಿನ ಫೀಕಾವನ್ನು ನಾನು ಮರೆಯಲಾರೆ" ಎಂದು ಶುರು ಮಾಡಿದೆ. ಕತ್ತಲೆಯ ಚಳಿಗಾಲ, ಬೆಚ್ಚಗಿನ ಮನಸ್ಸುಗಳು, ಲಾರ್ಸ್‌ನಂಥ ಬಾಸ್. ಇಬ್ಬರು ಮೂಗು ಒರೆಸಿಕೊಂಡರು.

"ಚಟ್ನಿಪುಡಿ ಅಂದ್ಳಲ್ಲ, ಅದೇನು?" ಎಂದು ಲಾರ್ಸ್ ಕೇಳಿದ.

ಏನು ಹೇಳಲಿ? "ಕೃತಜ್ಞತೆ" ಎಂದೆ. "ತುಂಬ ಆಳವಾದ ಕೃತಜ್ಞತೆಗೆ ಜಪಾನೀಸಲ್ಲಿ ಹಾಗಂತಾರೆ."

ಲಾರ್ಸ್ ನಿಧಾನವಾಗಿ ಗ್ಲಾಸ್ ಎತ್ತಿದ. "ಚಟ್ನಿಪುಡಿ, ಮಿಚಿಕೊ."

ಹದಿಮೂರು ಸ್ವೀಡಿಷ್ ಕಂಠಗಳು ಒಟ್ಟಿಗೆ, "ಚಟ್ನಿಪುಡಿ" ಎಂದವು. ಮಿಚಿಕೊ ತಲೆ ಬಗ್ಗಿಸಿದಳು. ಭುಜ ಅದುರುತ್ತಿತ್ತು. ಅಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು.

ಕೋಟು ಹಾಕಿಕೊಳ್ಳುವಾಗ ಅನ್ನಿಕಾ ಪಕ್ಕ ಬಂದಳು. "ಅವಳು ನಿಜವಾಗಿ ಏನಂದ್ಳು ಹೇಳ್ಲಾ?" ಎಂದಳು.

ನಾನು ಒಂದು ತೋಳು ಹಾಕಿಕೊಂಡು ಹಾಗೇ ನಿಂತೆ.

"'ಮೊದಲ ದಿನ ನಂಗೆ ತುಂಬ ಭಯ ಇತ್ತು. ಈ ರೂಮಲ್ಲಿರೋ ಒಬ್ಬಳು ಅವತ್ತು ಎದ್ದು ನಿಂತು ನಾಲ್ಕರ ತನಕ ಎಣಿಸಿದ್ಳು. ನಗು ತಡ್ಕೊಳ್ಳೋದ್ರಲ್ಲಿ ಭಯ ಹೋಯ್ತು. ನಾನು ಹೇಳಿಬಿಡ್ತೀನಿ ಅನ್ನೋ ಹೆದರಿಕೆಗೆ ದಿನಾ ಫೀಕಾಗೆ ಬಂದು ನನ್ನ ಜೊತೆ ಕೂತ್ಲು, ಚಟ್ನಿಪುಡಿ ಕೊಟ್ಲು. ಅದಕ್ಕೇ ನಾನು ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಅವಳು ಬರೋದು ನಿಲ್ಲಿಸ್ತಿದ್ಳು.' ಅಷ್ಟೇ. ಲಾರ್ಸ್ ಬಗ್ಗೆ ಏನೂ ಇರ್ಲಿಲ್ಲ."

ಹೆದರಿಕೆಗೆ ಕೂತಿದ್ದು ನಿಜ, ಮೊದಲ ಎರಡು ತಿಂಗಳು. ಆಮೇಲಿನದ್ದು ಹೆದರಿಕೆಯಲ್ಲ ಎಂದು ಅವಳಿಗೆ ಯಾರು ಹೇಳಬೇಕು? ಒಂದೇ ತೋಳಿನ ಕೋಟಿನಲ್ಲೇ ಓಡಿದೆ. ಟ್ರಾಮ್ ಸ್ಟಾಪಿನಲ್ಲಿ ಮಿಚಿಕೊ ಸಿಕ್ಕಳು. ಹೇಳಿದೆ, ಇಂಗ್ಲಿಷಿನಲ್ಲಿ, ಉಸಿರು ಸಿಕ್ಕಷ್ಟು. ಮುಟ್ಟಿ ಮಾತಾಡದ ಹುಡುಗಿ ನನ್ನ ಖಾಲಿ ತೋಳು ಹಿಡಿದು ಕೈ ತೂರಿಸಿದಳು, ಗುಂಡಿ ಹಾಕಿದಳು. "ಅದೂ ಗೊತ್ತಿತ್ತು" ಎಂದಳು. ಟ್ರಾಮ್ ಬಂತು.

ಸೋಮವಾರ ಅನ್ನಿಕಾಳನ್ನು ಹಿಡಿದು ಕೂರಿಸಿದೆ. ಆರು ವರ್ಷ ಜಪಾನೀಸ್ ಓದಿದ್ದಾಳೆ. ಎರಡು ವರ್ಷ ಜಪಾನಿನಲ್ಲೇ ಇದ್ದಳು. "ಮತ್ತೆ ಯಾಕೆ ಹೇಳ್ಲಿಲ್ಲ?" ಎಂದೆ.

"ಯಾರೂ ಕೇಳ್ಲಿಲ್ಲ. ನಂಗೆ ಸ್ವಲ್ಪ ಅಷ್ಟೇ ಬರೋದು."

ಕೇಳಿದಿರಾ? ಎಂಟು ವರ್ಷದ ಭಾಷೆ ಇವರಿಗೆ 'ಸ್ವಲ್ಪ'. ನಾವೋ, ಮೂರು ದಿನದ ಆನ್‌ಲೈನ್ ಕೋರ್ಸಿಗೆ ರೆಸ್ಯೂಮಿನಲ್ಲಿ 'ಎಕ್ಸ್‌ಪರ್ಟ್' ಎಂದು ಬರೆದು ಬೆಳೆದವರು. ಹಾಗೆ ಬರೆಯದಿದ್ದರೆ ಇಂಟರ್‌ವ್ಯೂಗೆ ಕರೆಯುವವರು ಯಾರಿದ್ದರು?

ಈಗ ಗುರುವಾರದ ಫೀಕಾದಲ್ಲಿ ಅನ್ನಿಕಾ ನನಗೆ ಜಪಾನೀಸ್ ಕಲಿಸುತ್ತಾಳೆ. ಹನ್ನೊಂದು ದಾಟಿದ್ದೇನೆ. ಮೊನ್ನೆ ಲಾರ್ಸ್ ಬಂದು, ಮಿಚಿಕೊ ಹೋದ ಮೇಲೆ ನಿನ್ನ ಜಪಾನೀಸ್ ಹೇಗಿದೆ ಎಂದು ಕೇಳಿದ. "ಸ್ವಲ್ಪ ಬರತ್ತೆ" ಎಂದೆ.

ಎರಡು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸತ್ಯ. ಪಾಪ, ವಿನಯ ಎಂದುಕೊಂಡ.