ಮೌಶಿಯ ಟ್ರಂಕಿನಲ್ಲಿ ಉಳಿದ ಪತ್ರಾ

ಮಳೆ ಬಂದು ತಗಡಿನ ಮಾಡು ಸೋರಬಹುದಿತ್ತು. ಇಲಿ ಹೊಕ್ಕು ಹಳೆಯ ಕರಪತ್ರಗಳನ್ನು ಕಡಿಯಬಹುದಿತ್ತು. ಚೀಟಿಗಳ ಮೇಲೆ ಕನ್ನಡ ಮೊದಲೋ ಮರಾಠಿ ಮೊದಲೋ ಎಂದು ಯಾರಾದರೂ ಜಗಳ ತೆಗೆಯಬಹುದಿತ್ತು. ಕರೆಂಟು ಹೋಗಬಹುದಿತ್ತು, ಯಾರೂ ಬಾರದೇ ಇರಬಹುದಿತ್ತು, ಎಲ್ಲರೂ ಒಮ್ಮೆಲೇ ಬಂದು ಮೇಜು ಮುರಿಯಬಹುದಿತ್ತು.

ನಿಪ್ಪಾಣಿಯ ನಮ್ಮ ಗಲ್ಲಿಯಲ್ಲಿ ನಾವು ಐದಾರು ಜನ, ಬೀಡಿ ಕಟ್ಟುತ್ತಿದ್ದ ಹೆಂಗಸರ ಹೋರಾಟದ ಸಾಮಾನುಗಳನ್ನು ಕೂಡಿಸಿ ಒಂದು ಖೋಲಿಯಲ್ಲಿ ಇಟ್ಟಿದ್ದೇವೆ. ಮೊನ್ನೆ ರವಿವಾರ ಅದರ ಬಾಗಿಲು ತೆರೆಯುವ ದಿನ. ಸಾಮಾನುಗಳ ಕಾವಲು ನನ್ನದು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್‌ ಸ್ಟ್ಯಾಂಡಿನಿಂದ ಮನೆಗೆ ಮರಳುವ, ಐವತ್ತು ದಾಟಿದ ನನಗೆ ಆ ಕೆಲಸ ಹಚ್ಚಿದವರು ನಮ್ಮೊಳಗಿನ ನಿವೃತ್ತ ಮಾಸ್ತರು. "ನಿಮ್ಮಂಥಾ ಅಂಜುಬುರಕರ ಬೇಕ್ರಿ ಇದಕ್ಕ," ಅಂದಿದ್ದರು.

ಅದಕ್ಕೂ ಒಂದು ವಾರ ಮೊದಲು ಮೌಶಿಯ ಸೊಸೆ ಒಂದು ಹಳೆಯ ಟ್ರಂಕು ತಂದುಕೊಟ್ಟಳು. ಮುಚ್ಚಳ ತೆರೆದದ್ದೇ ತಡ, ತಂಬಾಕಿನ ಘಾಟು. ಮೂರು ಸೀನು ಸೀನಿದೆ. ಮೂರನೆಯದು ಮುಗಿಯುವಷ್ಟರಲ್ಲಿ ಮೌಶಿ ಮಡಿಲಲ್ಲಿ ಮೊರ ಇಟ್ಟುಕೊಂಡು ಕಣ್ಣ ಮುಂದೆ ಕೂತಿದ್ದಳು...

ಮೌಶಿ ನಮ್ಮ ಪಕ್ಕದ ಮನೆಯವಳು, ಅವ್ವನ ಹಾಗೆಯೇ ಬೀಡಿ ಕಟ್ಟುವವಳು. ಸಂಬಂಧದಲ್ಲಿ ನಮಗೆ ಚಿಕ್ಕಮ್ಮನೇನೂ ಅಲ್ಲ, ಇಡೀ ಗಲ್ಲಿಗೇ ಮೌಶಿ. ಬಾಯಿ ಯಾರನ್ನೋ ಬೈಯುತ್ತಿದ್ದರೆ ಬೆರಳು ತಮ್ಮಷ್ಟಕ್ಕೆ ಬೀಡಿ ಸುತ್ತುತ್ತಿದ್ದವು.

ಆಗ ಕಾರ್ಖಾನೆಯ ಮನುಷ್ಯ ಕಟ್ಟು ಬಿಚ್ಚಿ ನೋಡಿ, 'ಛಾಟ', ಅಂದರೆ ಕೆಟ್ಟದ್ದು, ಎಂದು ಹಿಡಿ ಹಿಡಿ ಬೀಡಿ ಬದಿಗೆ ಎಸೆಯುತ್ತಿದ್ದ. ಎಸೆದದ್ದನ್ನು ಮರಳಿ ಕೊಡುತ್ತಲೂ ಇರಲಿಲ್ಲ. ಅದಕ್ಕಾಗಿ ಹೆಂಗಸರು ಕೆಲಸ ಬಂದ್ ಇಟ್ಟರು. ಆದರೆ ಬೀಡಿ ಮನೆಯೊಳಗಿನ ಕೆಲಸ. ಕದ ಹಾಕಿಕೊಂಡು ಯಾರು ಕಟ್ಟುತ್ತಾರೆ, ಯಾರು ಬಿಡುತ್ತಾರೆ, ಹೇಗೆ ತಿಳಿಯಬೇಕು? ಎಲೆಯ ಮೇಲಿಟ್ಟು ಅಳತೆಗೆ ಸರಿಯಾಗಿ ಕತ್ತರಿಸಲು ಪ್ರತಿಯೊಬ್ಬಳ ಹತ್ತಿರವೂ ಅಂಗೈಯೊಳಗೆ ಹಿಡಿಸುವ ಒಂದು ತಗಡು ಇರುತ್ತಿತ್ತು, ಪತ್ರಾ ಅನ್ನುತ್ತಿದ್ದರು. ಮೌಶಿ ಮನೆಮನೆಗೆ ಹೋಗಿ ಆ ಪತ್ರಾಗಳನ್ನೇ ಇಸಕೊಂಡಳು.

"ನನ್ನ ಮ್ಯಾಲೆ ನಂಬಿಗಿ ಇಲ್ಲೇನ ಬೇ?" ಎಂದು ಒಬ್ಬಳು ಸಿಟ್ಟಾದಳು.

"ನಿನ್ನ ಮ್ಯಾಲೆ ಐತಿ, ನಿನ್ನ ಕೈ ಮ್ಯಾಲೆ ಇಲ್ಲ. ಅದಕ್ಕ ಸುಮ್ಮ ಕುಂಡ್ರೂದು ಎಲ್ಲಿ ಗೊತ್ತೈತಿ?"

ಗುರುತು ಸಿಗಲೆಂದು ಎಲ್ಲರೂ ಮೊಳೆಯಿಂದ ತಮ್ಮ ತಗಡಿನ ಮೇಲೆ ಗೀರಿಕೊಂಡಿದ್ದರು. ಬಂದ್ ಮುಗಿದ ದಿನ ಮೌಶಿ ಕಣ್ಣಿಂದ ನೋಡದೆ, ಹೆಬ್ಬೆರಳಲ್ಲಿ ಗೀರು ಸವರಿ, ಒಂದೊಂದನ್ನೂ ಅದರದರ ಒಡತಿಗೆ ಕೊಟ್ಟಳು. ಒಂದು ಮಾತ್ರ ಉಳಿಯಿತು.

ಎಂಟೊಂಬತ್ತು ವರ್ಷದ ನನಗೆ ಕುತೂಹಲ ತಡೆಯಲಿಲ್ಲ. "ಮೌಶಿ, ಇದು ಯಾರದು?"

"ಬಂದಾಕಿ ಒಯ್ತಾಳ."

"ಬರಲಿಲ್ಲಂದ್ರ?"

"ನಿನಗ್ಯಾಕಲೇ ಆ ಉಸಾಬರಿ?"

ಆ ಉಸಾಬರಿಯನ್ನು ನಾನು ವರ್ಷಗಟ್ಟಲೆ ಹೊತ್ತೆ. ಗಲ್ಲಿಯ ಒಬ್ಬೊಬ್ಬ ಹೆಂಗಸಿನ ಮೇಲೂ ಸಂಶಯಪಟ್ಟೆ, ನಮ್ಮ ಮನೆ ಒಂದನ್ನು ಬಿಟ್ಟು. ಮೌಶಿ ತೀರಿಕೊಂಡ ಮೇಲೆ ಕೇಳಲು ಯಾರೂ ಉಳಿಯಲಿಲ್ಲ...

ಟ್ರಂಕಿನ ತಳದಲ್ಲಿ, ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಅದೇ ಪತ್ರಾ ಇತ್ತು. ಮೂರು ಗೀರು, ಪಕ್ಕಕ್ಕೊಂದು ಚುಕ್ಕೆ. ನಾನೂ ಮಾಸ್ತರೂ ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ 'ಒಡತಿ ಗೊತ್ತಿಲ್ಲ' ಎಂದು ಎರಡೂ ಭಾಷೆಯಲ್ಲಿ ಚೀಟಿ ಬರೆದು ಮೇಜಿನ ಮೇಲಿಟ್ಟೆವು.

ರವಿವಾರ ಅವ್ವನೂ ಬಂದಳು. ಎಂಬತ್ತರ ಹತ್ತಿರದ ಜೀವ, ಒಂದೊಂದೇ ಸಾಮಾನು ನೋಡುತ್ತ ಬಂದವಳು ಆ ಪತ್ರಾದ ಮುಂದೆ ನಿಂತಳು. ಹೆಬ್ಬೆರಳು ಗೀರಿನ ಮೇಲೆ ಹೋಯಿತು.

"ಇದು ನಂದೈತಿ," ಅಂದಳು.

ಅವ್ವ ದನಿ ತಗ್ಗಿಸಿದಳು: "ನಿನಗ ಜ್ವರ ಬಂದಿತ್ತು. ಮನ್ಯಾಗ ಏನೂ ಇರಲಿಲ್ಲ. ಎಣ್ಣಿ ಡಬ್ಬಿ ತಗಡ ಕತ್ತರಿಸಿ ಇನ್ನೊಂದು ಪತ್ರಾ ಮಾಡ್ಕೊಂಡು, ಉಳಿದ ಎಲಿ ಇದ್ವು, ಮೂರು ದಿನ ಕದಾ ಹಾಕ್ಕೊಂಡು ಕಟ್ಟಿದೆ. ಬ್ಯಾರೆ ಊರಾಂವ ಒಬ್ಬ ಬಂದು ರೊಕ್ಕಾ ಕೊಟ್ಟು ಬೀಡಿ ಒಯ್ದ."

ನನ್ನ ಎಲ್ಲ ಬೇನೆಗಳ ಪಟ್ಟಿ ನನಗೆ ಬಾಯಿಪಾಠ. ಆ ಜ್ವರದ ನೆನಪೊಂದೇ ಇಲ್ಲ.

"ಮೌಶಿಗೆ ಗೊತ್ತಿತ್ತೇನು?"

"ನಡುವ ಒಂದ ಗ್ವಾಡಿ. ಕತ್ತರಿ ಸಪ್ಪಳ ಕೇಳಂಗಿಲ್ಲೇನೋ? ಆದರೂ ಒಂದ ಮಾತು ಆಡಲಿಲ್ಲ ಆಕಿ. ನನಗ ಹೋಗಿ ಇಸಕೊಳ್ಳಾಕ ಮಾರಿ ಇರಲಿಲ್ಲ..."

ಕಿಸೆಯಲ್ಲಿ ಪೆನ್ನಿತ್ತು. ಚೀಟಿ ತಿದ್ದಿದರೆ ಗಲ್ಲಿಯೆಲ್ಲ ಅವ್ವನನ್ನು ಬಂದ್ ಮುರಿದವಳು ಅನ್ನುತ್ತದೆ. ತಿದ್ದದಿದ್ದರೆ ಗೊತ್ತಿದ್ದೂ ಸುಳ್ಳು ಇಟ್ಟಂತಾಗುತ್ತದೆ. ನಾನು ಹಾಗೆ ಬೆವರುತ್ತಿರುವಾಗಲೇ ಅವ್ವ ಪತ್ರಾವನ್ನು ಸೆರಗಿನಿಂದ ಒರೆಸಿ ನಡುವಿಗೆ ಸಿಕ್ಕಿಸಿಕೊಂಡಳು. "ಆಕಿ ಇದ್ದಾಗ ಹೋಗಿ ಬೈಸ್ಕೊಂಡು ತರಬೇಕಾಗಿತ್ತು. ಈಗ ಬೈಯಾಕೂ ಯಾರಿಲ್ಲ," ಎಂದು ಮೆಲ್ಲಗೆ ಹೊರಗೆ ನಡೆದಳು. ಎರಡು ದಿನ ಬಿಟ್ಟು, "ಎಲ್ಲಾ ಬರೀ, ಆಕಿ ಮುಚ್ಚಿಟ್ಟದ್ದೂ ಬರೀ," ಅಂದವಳೂ ಅವಳೇ.

ಆ ದಿನ ಮಳೆ ಬರಲಿಲ್ಲ. ಇಲಿ ಬರಲಿಲ್ಲ, ಕರೆಂಟು ಹೋಗಲಿಲ್ಲ. ಜನ ಕನ್ನಡವನ್ನೂ ಮರಾಠಿಯನ್ನೂ ಓದಿ, ಚಹಾ ಕುಡಿದು ಹೋದರು. ಸಂಜೆ ಮಾಸ್ತರು ಪಟ್ಟಿ ಹಿಡಿದು ತಾಳೆ ನೋಡಿದರೆ ಒಂದು ಸಾಮಾನು ಕಡಿಮೆ.

"ಏನ್ರಿ ಕಾವಲುಗಾರ್ರ, ಆ ಪತ್ರಾ ಎಲ್ಲೈತಿ?"

"ಬಂದಾಕಿ ಒಯ್ದಳ್ರಿ," ಅಂದೆ.