ಕಟ್ಟೆ ದೂರು ಕೊಟ್ಟಿರಲಿಲ್ಲ

ಅಣ್ಣನ ಮಗಳ ನಾಮಕರಣದ ದಿನ ಅಣ್ಣನಿಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಕೂಟಗಲ್‌ನ ನಮ್ಮ ಮನೆಯ ನಡುಮನೆಯಲ್ಲಿ ನಿಂತು ಒಂದೇ ಗುಂಡಿಯ ಜೊತೆ ಹೆಣಗುತ್ತಿದ್ದ. ಕೊನೆಗೆ ನಾನೇ ಹೋಗಿ ಹಾಕಿದೆ. ಅವನ ಬೆರಳ ತುದಿಗಳು ಬಿಳುಚಿಕೊಂಡು ತಣ್ಣಗಿದ್ದವು.

“ಏನಾಯ್ತಣ್ಣ?”

“ಏನಿಲ್ಲ ಕಣಮ್ಮಿ. ಮೂರು ದಿನದಿಂದ ಟಿಲ್ಲರ್ ಹೊಡ್ದಿವ್ನಿ. ಎಂಜಿನ್ ಅಂದ್ಮ್ಯಾಕೆ ಅದುರ್ತೈತೆ.”

ಅಣ್ಣ ನಮ್ಮ ಜಮೀನನ್ನೂ ಅಕ್ಕಪಕ್ಕದವರ ಹಿಪ್ಪುನೇರಳೆ ತೋಟಗಳನ್ನೂ ಪವರ್ ಟಿಲ್ಲರಿನಿಂದ ಉಳುತ್ತಾನೆ. ಹಿಂದಿನಿಂದ ಹಿಡಿಕೆ ಹಿಡಿದು ನಡೆಯುತ್ತಾ ಓಡಿಸುವ ಎರಡು ಚಕ್ರದ ಯಂತ್ರ ಅದು. ಅವನ ಟಿಲ್ಲರಿನ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ತಯಾರಾಗಿದ್ದು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ. ಆ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ಆ ಎಂಜಿನ್ನಿನ ಅರ್ಧದಷ್ಟು ಡ್ರಾಯಿಂಗುಗಳ ಮೂಲೆಯಲ್ಲಿ ನನ್ನ ಸಹಿಯಿದೆ. ನಾಮಕರಣಕ್ಕೆ ಬಂದವರಿಗೆ ಇದನ್ನು ನಾನು ಹೇಳಲಿಲ್ಲ.

ಸೋಮವಾರ ನಾನಿರುವ ಕನಕಪುರದಿಂದ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವಾಗ ಅದೇ ಯೋಚನೆ. ಕಾರಣ ಗೊತ್ತಿಲ್ಲದ್ದೇನೂ ಅಲ್ಲ. ಒಂದೇ ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಇಡೀ ಎಂಜಿನ್ನನ್ನು ತನ್ನ ಜೊತೆ ಎಳೆದಾಡುತ್ತದೆ. ಪಕ್ಕದಲ್ಲಿ ಭಾರ ಕಟ್ಟಿದ ಇನ್ನೊಂದು ಶಾಫ್ಟ್ ಇಟ್ಟು, ಪಿಸ್ಟನ್ ಮೇಲೆ ಹೋದಾಗ ಆ ಭಾರ ಕೆಳಗೆ ಬರುವಂತೆ ತಿರುಗಿಸಿದರೆ ಅದುರು ಬಹುಪಾಲು ಇಳಿಯುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ, ಕಾಲೇಜಿನಲ್ಲಿ ಓದಿದ್ದು. ನಮ್ಮ ಎಂಜಿನ್ನಿನಲ್ಲಿ ಇರಲಿಲ್ಲ, ಅಷ್ಟೆ.

ನಮ್ಮ ಮ್ಯಾನೇಜರ್ ಸಮಾಧಾನದಿಂದ ಕೇಳಿಸಿಕೊಂಡು, “ಟೆಸ್ಟಿಂಗಿನಲ್ಲಿ ಇಂಥ ತೊಂದರೆ ಯಾವತ್ತೂ ಬಂದಿಲ್ಲವಲ್ಲ,” ಎಂದರು. ನಿಜವೇ. ಟೆಸ್ಟಿಂಗಿನಲ್ಲಿ ಎಂಜಿನ್ನನ್ನು ಕಾಂಕ್ರೀಟ್ ಕಟ್ಟೆಗೆ ಬೋಲ್ಟ್ ಹಾಕಿ ಬಿಗಿದಿರುತ್ತೇವೆ. ಕಟ್ಟೆ ದೂರು ಕೊಟ್ಟಿರಲಿಲ್ಲ.

ಮಧ್ಯಾಹ್ನ ಅಂಗಳದಲ್ಲಿ ಒಂದು ಟಿಲ್ಲರ್ ಸ್ಟಾರ್ಟ್ ಮಾಡಿಸಿ, ಅರ್ಧ ಗಂಟೆ ಇದರ ಹಿಡಿಕೆ ಹಿಡಿದುಕೊಂಡು ನಿಲ್ಲಿ ಸಾರ್ ಎಂದೆ. ಇಪ್ಪತ್ತು ನಿಮಿಷ ನಿಂತರು. ಆಮೇಲೆ ಒಳಗೆ ಹೋಗಿ ಯಾರದೋ ರಜೆ ಚೀಟಿಗೆ ಸಹಿ ಹಾಕಿದರು. ಇದು ಅವರ ಸಹಿಯಲ್ಲ ಎಂದು ಆಫೀಸಿನವರು ಚೀಟಿಯನ್ನು ವಾಪಸು ಕಳಿಸಿದರು. ಒಂದು ಮಾದರಿ ಮಾಡಿ ನೋಡಲು ಮರುದಿನ ಒಪ್ಪಿಗೆ ಸಿಕ್ಕಿತು.

ಡ್ರಾಯಿಂಗಿಗೆ ಒಂದು ಮಳೆಗಾಲ ಹಿಡಿಯಿತು. ಜೋಡಿಸಿದವರು ಮಾಗಡಿ ಕಡೆಯ ಹಿರಿಯ ಫಿಟ್ಟರ್. ಅದುರು ಗೊತ್ತಾಗಬೇಕಲ್ಲ, ಹಾಗಾಗಿ ಕಟ್ಟೆಗೆ ಬಿಗಿಯದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟೆವು. ಮ್ಯಾನೇಜರ್ ನೋಡಲು ಬಂದರು. ಸ್ಟಾರ್ಟ್ ಮಾಡಿದೆವು. ಎಂಜಿನ್ ಸ್ಟ್ಯಾಂಡಿನ ಸಮೇತ ಬಾಗಿಲ ಕಡೆಗೆ ಹೊರಟಿತು. ಮ್ಯಾನೇಜರ್ ದಾರಿ ಬಿಟ್ಟರು.

ಫಿಟ್ಟರ್ ಹಿಂದೆಯೇ ಹೋಗಿ ಡೀಸೆಲ್ ನಿಲ್ಲಿಸಿದರು. “ಮೇಡಂ, ಅದುರು ನಿಲ್ಸಾಕೆ ಅಂದಿದ್ರಿ. ಇದು ಮನೆಗೆ ಹೊಂಟೈತಲ್ಲ?”

ಬಿಚ್ಚಿ ನೋಡಿದೆವು. ಹೊಸ ಶಾಫ್ಟನ್ನು ತಿರುಗಿಸುವ ಗೇರುಗಳ ಮೇಲೆ ಒಂದೊಂದು ಚುಕ್ಕಿಯಿರುತ್ತದೆ. ಚುಕ್ಕಿಗೆ ಚುಕ್ಕಿ ಕೂಡಿಸಿ ಜೋಡಿಸಬೇಕು. ಅವರು ಸರಿಯಾಗಿಯೇ ಕೂಡಿಸಿದ್ದರು. ಡ್ರಾಯಿಂಗಿನಲ್ಲಿ ಚುಕ್ಕಿಯನ್ನು ಭಾರದ ಎದುರು ಬದಿಗೆ ಬರೆದವಳು ನಾನು. ಪಿಸ್ಟನ್ ಮೇಲೆ ಹೋದಾಗ ಭಾರವೂ ಜೊತೆಗೇ ಮೇಲೆ ಹೋಗಿತ್ತು. ಎಂಜಿನ್ ಡ್ರಾಯಿಂಗಿನ ಪ್ರಕಾರವೇ ನಡೆದುಕೊಂಡಿತ್ತು. ಎಲ್ಲರೆದುರು ತಪ್ಪು ನನ್ನದು ಎಂದೆ.

“ಬುಡಿ ಮೇಡಂ,” ಎಂದು ಫಿಟ್ಟರ್ ಜೇಬಿನಿಂದ ಸೀಮೆಸುಣ್ಣ ತೆಗೆದು ಹೊಸ ಗುರುತು ಹಾಕಿದರು. “ನಿಮ್ಮ ಭಾರಕ್ಕೆ ಎಷ್ಟು ಶಕ್ತಿ ಐತೆ ಅಂತ ಗೊತ್ತಾಯ್ತು.”

ಎರಡನೆಯ ಸಲ ಎಂಜಿನ್ ಇದ್ದ ಜಾಗದಲ್ಲೇ ಇತ್ತು. ಫಿಟ್ಟರ್ ಡೀಸೆಲ್ ಟ್ಯಾಂಕಿನ ಮೇಲೆ ಇಟ್ಟ ಅಂಗೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಹೊಲದ ಪರೀಕ್ಷೆಗೆ ನಾನು ಅಣ್ಣನ ಹೆಸರು ಕೊಟ್ಟೆ. ಹೊಸ ಎಂಜಿನ್ ಕೂರಿಸಿದ ಟಿಲ್ಲರಿನಲ್ಲಿ ಅವನು ಹಿಪ್ಪುನೇರಳೆಯ ಎರಡು ಸಾಲು ಉತ್ತು, ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಿದ.

“ದಮ್ಮು ಒಸಿ ಕಮ್ಮಿ ಆಗೈತೆ ಕಣಮ್ಮಿ.”

“ಇಲ್ಲಣ್ಣ, ಶಕ್ತಿ ಅಷ್ಟೇ ಇದೆ. ಅದುರು ಕಮ್ಮಿಯಾಗಿದೆ.”

“ಅದುರ್ದೆ ಎಂಗೆ ಉಳ್ತೈತೆ?”

ನನ್ನ ಮಾತು ಸುಳ್ಳು ಮಾಡಲೆಂದೇ ಟಿಲ್ಲರಿನ ಹಲ್ಲುಗಳನ್ನು ಇನ್ನೂ ಆಳಕ್ಕೆ ಇಳಿಸಿ, ಗಟ್ಟಿ ನೆಲದ ಕಡೆ ತಿರುಗಿಸಿದ. ಊಟದ ಹೊತ್ತಿಗೆ ಆ ನೆಲವೂ ಮುಗಿದಿತ್ತು.

ಎರಡು ತಿಂಗಳ ನಂತರ ಸವೆತ ನೋಡಲು ಆ ಎಂಜಿನ್ನನ್ನು ಕಾರ್ಖಾನೆಗೆ ತರಬೇಕಿತ್ತು. ನಾನೂ ಫಿಟ್ಟರೂ ವ್ಯಾನಿನಲ್ಲಿ ಹೋದೆವು. ಅಣ್ಣ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತ.

“ಕೊಡಾಕಿಲ್ಲ. ಬೇಕಾದ್ರೆ ಹಳೇದ್ನ ತಕ್ಕೊಂಡೋಗಿ ಬಿಚ್ಚಿ ನೋಡ್ಕಳಿ.”

“ಅಣ್ಣ, ಅದು ನಿನ್ನದಲ್ಲ. ಕಾರ್ಖಾನೆಯದು.”

“ಕಾರ್ಖಾನೆ ಉಳ್ತದಾ?”

ಮರುದಿನ ಮ್ಯಾನೇಜರೇ ಬರಬೇಕಾಯಿತು. ಹದಿನೈದು ದಿನದಲ್ಲಿ ವಾಪಸು ಕೊಡುತ್ತೇವೆ ಎಂದು ಬರೆದುಕೊಟ್ಟ ಮೇಲೆ ಅಣ್ಣ ಬಾಗಿಲು ಬಿಟ್ಟ. ಎಂಜಿನ್ನನ್ನು ವ್ಯಾನಿಗೆ ಎತ್ತಲು ತಾನೂ ಕೈ ಹಾಕಿದ.

ಬಿಚ್ಚಿದಾಗ ಹೊಸ ಶಾಫ್ಟಿನ ಒಂದು ಬೇರಿಂಗ್ ಸವೆದಿತ್ತು. ಅಲ್ಲಿಗೆ ಎಣ್ಣೆ ಸಾಕಷ್ಟು ಹೋಗುತ್ತಿರಲಿಲ್ಲ. ಎಣ್ಣೆಯ ತೂತನ್ನು ದೊಡ್ಡದು ಮಾಡಿದೆವು. ಈ ಸಲ ಡ್ರಾಯಿಂಗನ್ನು ಫಿಟ್ಟರ್ ಮೊದಲು ನೋಡಿದರು, ಮ್ಯಾನೇಜರ್ ಆಮೇಲೆ. ಹದಿನಾಲ್ಕನೆಯ ದಿನ ಎಂಜಿನ್ ಕೂಟಗಲ್ ತಲುಪಿತು. ಈಗ ಆ ಮಾದರಿಯ ಎಲ್ಲ ಎಂಜಿನ್ನುಗಳಲ್ಲೂ ಆ ಶಾಫ್ಟ್ ಇದೆ.

ಆ ಬೇಸಿಗೆಯಲ್ಲಿ ಅಣ್ಣನನ್ನು ರಾಮನಗರದ ಡಾಕ್ಟರರಿಗೆ ತೋರಿಸಿದೆ. ಅವರು ಸೂಜಿಯ ತುದಿಯಿಂದ ಒಂದೊಂದೇ ಬೆರಳು ಮುಟ್ಟಿ ಕೇಳುತ್ತಾ ಹೋದರು. ಎಂಟು ಬೆರಳು ಚೇತರಿಸಿಕೊಂಡಿವೆ, ಎಡಗೈಯ ಕೊನೆಯ ಎರಡು ಬೆರಳಲ್ಲಿ ಸ್ಪರ್ಶ ಮತ್ತೆ ಬರುವುದು ಅನುಮಾನ ಎಂದರು. ನಮ್ಮ ಕಾರ್ಖಾನೆಯಲ್ಲಿ ಆ ಎಂಜಿನ್ ಏಳು ವರ್ಷ ಆ ಶಾಫ್ಟ್ ಇಲ್ಲದೆಯೇ ತಯಾರಾಗಿತ್ತು.

ಹೊರಗೆ ಬಂದ ಮೇಲೆ ಅಣ್ಣ ಎರಡೂ ಕೈ ಬಿಡಿಸಿ ನೋಡಿಕೊಂಡ.

“ಎಂಟು ಐತಲ್ಲ, ಬುಡು. ನಡಿ, ಬಸ್ಸು ಬತ್ತೈತೆ.”