ಬೇಳೆ ಬೇಯುವ ನೀರು

ಅಂದು ಬೇಳೆ ಬಹಳ ಬೇಗ ಬೆಂದಿತ್ತು. ನಮ್ಮ ಮನೆಯ ಕೊನೆಯ ಸಾದಾ ದಿನ ಯಾವುದೆಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ತೊಗರಿಯ ಸೀಮೆಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಬೇಳೆ ಬೇಯದಿರುವುದಕ್ಕಿಂತ ದೊಡ್ಡ ಅಪಮಾನವಿಲ್ಲ, ನೀವೂ ಬಲ್ಲಿರಿ. ಆಳಂದದ ಅಂಚಿನ ಹೊಸ ಪ್ಲಾಟಿನಲ್ಲಿ ಮನೆ ಕಟ್ಟಿದಂದಿನಿಂದ ನನಗೆ ಆ ಅಪಮಾನ ನಿತ್ಯದ ಊಟವಾಗಿತ್ತು. ಬೋರಿನ ಸವುಳು ನೀರಿನಲ್ಲಿ ಕುಕ್ಕರು ಎಷ್ಟು ಕೂಗಿದರೂ ಬೇಳೆ ಕರಗುತ್ತಿರಲಿಲ್ಲ. “ಬ್ಯಾಳಿ ಕುದಿಸೀಯೇನು, ಬರೇ ಜಳಕಾ ಮಾಡಿಸೀಯೇನು?” ಎಂದು ನಮ್ಮ ಮನೆಯವರು ತಾಟಿನ ಮುಂದೆ ಕುಳಿತು ವಿಚಾರಿಸುತ್ತಿದ್ದರು.

ಮನೆಗೊಂದು ಬೋರು ಕೊರೆದ ನಮ್ಮ ಓಣಿಯಲ್ಲಿ ಚಳಿಗಾಲ ಮುಗಿಯುವ ಮೊದಲೇ ಬೋರುಗಳೆಲ್ಲ ಬತ್ತಿ, ಟ್ಯಾಂಕರ್ ಬಂತು. ಮೊದಲ ದಿನವೇ ಅದರ ನೀರಿಗೆ ಬೇಳೆ ಬೆಣ್ಣೆಯಾಯಿತು. ನನ್ನ ಕೈಗುಣವೆಂದೇ ಒಂದು ದಿನ ಬೀಗಿದೆ. ಮರುದಿನ ಟ್ಯಾಂಕರಿನ ಮಹಿಬೂಬನನ್ನು ಕೇಳಿದೆ, ಇದು ಎಲ್ಲಿಯ ನೀರೆಂದು.

“ನಿಂಬರ್ಗಾ ರೋಡಿನ ಬಾವೀದ್ರಿ ಅಕ್ಕಾ. ಹುಣಸಿಗಿಡದ ಬಾಜೂಕ ಅದಲ್ರಿ, ಅದು. ಏಕ್‌ದಂ ಮೀಠಾ!”

ಆ ಬಾವಿ ನಮ್ಮಣ್ಣನದು. ಹಿಂದಿನ ಬೇಸಿಗೆಯಲ್ಲಿ ಅಣ್ಣ ತೀರಿಕೊಂಡಿದ್ದ. ಕೇಳಿ ಅಳು ಬಂತು, ಅದರ ಬೆನ್ನಿಗೇ ಜಂಬವೂ ಬಂತು. ಬದುಕಿದ್ದಾಗ ಹಸಿ ತೊಗರಿಕಾಯಿ, ಹುಣಸೆಹಣ್ಣು ಕಳಿಸುತ್ತಿದ್ದವನು ಈಗ ನೀರು ಕಳಿಸುತ್ತಿದ್ದಾನೆಂದು ಓಣಿಯ ತುಂಬ ಹೇಳಿಕೊಂಡು ಬಂದೆ. ಓಣಿಗೆ ಓಣಿಯೇ ಅದೇ ಬಾವಿಯ ನೀರು ಬೇಕೆಂದಿತು. ಮಹಿಬೂಬನಿಗೆ ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದಾಯಿತು.

ತೀರಿದವರಿಗೆ ಅವರು ಕುಡಿದ ಬಾವಿಯ ನೀರಿನಲ್ಲೇ ಅಡಿಗೆ ಮಾಡಿ ಎಡೆ ಹಿಡಿಯುವುದು ನಮ್ಮ ಮನೆತನದ ರೂಢಿ. ಅಣ್ಣನ ವರ್ಷದ ದಿನ ಹೂರಣಕ್ಕೆ ಬೇಳೆ ಇಡಲೆಂದು ಕೊಡ ಹಿಡಿದು ಅವನ ಹೊಲಕ್ಕೆ ಹೋದೆ. ಯಾವ ಬೇಸಿಗೆಯಲ್ಲೂ ಬಾವಿಯ ಅರ್ಧದಷ್ಟು ಮೆಟ್ಟಿಲುಗಳು ನೀರೊಳಗೇ ಇರುತ್ತಿದ್ದವು. ಹುಟ್ಟಿದಾಗಿನಿಂದ ನಾನು ಕಾಣದ ಮೆಟ್ಟಿಲುಗಳೆಲ್ಲ ಅಂದು ಕಂಡವು. ತಳದಲ್ಲಿ ಕೆಸರೂ ಇರಲಿಲ್ಲ, ಬಿರಿದ ಮಣ್ಣಿತ್ತು. ಮೋಟರಿನ ಪೈಪು ಗಾಳಿಗೆ ತೂಗುತ್ತಿತ್ತು. ಕೊಡ ಇಳಿಸಿ ಅಲ್ಲೇ ಕುಳಿತೆ.

ವೈನಿ, ಅಣ್ಣನ ಹೆಂಡತಿ, ನನ್ನ ಬೆನ್ನ ಮೇಲೆ ಕೈಯಿಟ್ಟಳು. “ನಿಮ್ಮ ಓಣಿಯವರು ದಿನಾ ಮತ್ತೊಂದು ಗಾಡಿ ಕೇಳಾಕತ್ತಾರ ಅಂದ ಮಹಿಬೂಬ. ನಿನಗ ಮುಟ್ಟತದಲ್ಲವ್ವಾ ಅಂತ ನಾ ಬ್ಯಾಡ ಅನ್ನಲಿಲ್ಲ. ನಿಮ್ಮಣ್ಣ ಇದ್ದಿದ್ರ ಬ್ಯಾಡ ಅಂತಿದ್ರೇನು?”

ಅಂತಿರಲಿಲ್ಲ. ಊರು ಬೆಳೆಯಿತೆಂದರೆ ಮನೆಗಳು ಹೆಚ್ಚಾದವೆಂದಷ್ಟೇ ನಾನು ತಿಳಿದಿದ್ದೆ. ಮನೆಯೊಂದಿಗೆ ಅದರ ಬಾಯಾರಿಕೆಯೂ ಹುಟ್ಟುತ್ತದೆ, ಅದು ರಸ್ತೆ ಹಿಡಿದು ತವರಿನ ಹೊಲದವರೆಗೆ ನಡೆದು ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಆ ನೀರಿನಲ್ಲಿ ನಾನು ಅಂಗಳ ತೊಳೆದಿದ್ದೆ, ನಮ್ಮ ಮನೆಯವರು ಮೋಟರ್‌ಸೈಕಲ್ ತೊಳೆದಿದ್ದರು.

ಅಂದು ಪಕ್ಕದ ಹೊಲದ ಬೋರಿನಿಂದ ನೀರು ತಂದು ಅಡಿಗೆ ಮಾಡಿದೆವು. ಹೂರಣ ತರಿತರಿಯಾಯಿತು. ನಮ್ಮ ಮನೆಯವರು ಅದನ್ನೇ ಮತ್ತೊಮ್ಮೆ ಹಾಕಿಸಿಕೊಂಡು ಉಂಡರು.

ಆಮೇಲೆ ಮಹಿಬೂಬ ಅಫಜಲಪುರದ ಕಡೆ ಬೇರೊಂದು ಬಾವಿ ಹುಡುಕಿಕೊಂಡ. ಮಳೆಯೂ ಬಿತ್ತು. ಹೊಲದಲ್ಲಿ ತೊಗರಿ ಹೂ ಬಿಟ್ಟಿದೆಯೆಂದು ವೈನಿ ಫೋನಿನಲ್ಲಿ ಹೇಳಿದಳು. ಬಾವಿಯ ಬಗ್ಗೆ ಕೇಳಿದೆ.

ಬಾವಿಗೆ ಇನ್ನೂ ನೀರು ಬಂದಿಲ್ಲ.